ತೋಪಿನಲ್ಲಿ ಉಳಿದ ಚಾಪೆ

ಇದು ಎಂಬತ್ತಾರನೇ ಇಸವಿಯಲ್ಲಿ, ಕ್ಯಾಸಂಬಳ್ಳಿ ರಸ್ತೆಯಾಚೆಯ ಹೊಂಗೆ ತೋಪಿನಲ್ಲಿ ಕೋದಂಡಪ್ಪನಿಗೆ ಆದದ್ದು. ಊರಲ್ಲಿ ಕೇಳಿದರೆ ಈಗಲೂ ಹೇಳುತ್ತಾರೆ. ಆದರೆ ದನಿ ತಗ್ಗಿಸಿ...

ಕೋದಂಡಪ್ಪ ಕೆಜಿಎಫ್‌ನ ಫ್ಯಾಕ್ಟರಿಯಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ ಕೊನೇ ಬಸ್ಸಿಗೆ ಬಂದಿಳಿಯುತ್ತಿದ್ದ. ಅಲ್ಲಿಂದ ಮನೆಗೆ ತೋಪಿನೊಳಗಿನ ಕಾಲುದಾರಿ, ನಡುವೆ ಒಂದು ಪಾಳುಬಾವಿ. ಊರಿನವರು ಬೇಡವಾದದ್ದನ್ನೆಲ್ಲ ಅಲ್ಲೇ ಎಸೆಯುತ್ತಿದ್ದರು. ಒಡೆದ ಬಾಟಲಿ, ಲಾಂದ್ರದ ಗಾಜು, ಬಳೆಚೂರು, ತುಕ್ಕು ಹಿಡಿದ ಡಬ್ಬ. ಆ ವರ್ಷದ ಮಾರ್ಚಿನಲ್ಲಿ ಅವನ ಹೆಂಡತಿ ಅನಸೂಯಮ್ಮ ಸೌದೆ ಆರಿಸಲು ಹೋಗಿ ತಗಡಿನ ಚೂರೊಂದನ್ನು ತುಳಿದಿದ್ದಳು. ಸಣ್ಣ ಗಾಯ. ಹನ್ನೊಂದನೇ ದಿನ ಧನುರ್ವಾಯುವಿನಲ್ಲಿ ಹೋದಳು.

ಮಗಳು ವರಲಕ್ಷ್ಮಿಗೆ ಏಳು ವರ್ಷ. ದಿನಾ ಮಲಗುವ ಮುಂಚೆ ಅವಳ ಪಾದಗಳಿಗೆ ಹರಳೆಣ್ಣೆ ತಿಕ್ಕುತ್ತಿದ್ದವಳು ಅನಸೂಯಮ್ಮನೇ. ಬೇಸಿಗೆ ರಜ ಮುಗಿದರೆ ಆ ಮಗು ಬರಿಗಾಲಲ್ಲಿ, ಅದೇ ದಾರಿಯಲ್ಲಿ ಸ್ಕೂಲಿಗೆ ಹೋಗಬೇಕು.

ಕೋದಂಡಪ್ಪ ಮೊದಲು ಮನೆಮನೆಗೆ ಹೋಗಿ ಕೇಳಿಕೊಂಡ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ರಾತ್ರಿ ಬರುವಾಗ ಟಾರ್ಚ್ ಬೆಳಕಲ್ಲಿ ಗೋಣಿಚೀಲ ತುಂಬಿಕೊಂಡು, ಯಾರ ಕಸವನ್ನು ಅವರ ಬಾಗಿಲಿಗೇ ಇಟ್ಟು ಬರತೊಡಗಿದ. ಸಣ್ಣ ಊರು. ಯಾವುದು ಯಾರ ಮನೆಯದು ಅಂತ ತಿಳಿಯದ್ದೇನಲ್ಲ.

"ಏನ್ಲಾ ಕೋದಂಡಾ, ಪೋಸ್ಟ್‌ಮ್ಯಾನ್ ಕೆಲ್ಸಾನೂ ಸಿಕ್ತಾ?" ಮೇಲಿನ ಬೀದಿಯ ಸೀನಪ್ಪ ಅಂಗಡಿ ಮುಂದೆ ನಿಂತು ನಕ್ಕ.

"ಊಂ. ನಿಂಗೇ ದಿನಾ ಎಲ್ಡು ಬಾಟ್ಲಿ ಬತ್ತಾವೆ. ಸೈನ್ ಮಾಡಿ ತಗೋ."

ಸ್ಕೂಲು ತೆರೆಯುವ ಹಿಂದಿನ ರಾತ್ರಿ. ಬಾವಿಯ ಸುತ್ತ ಮಾತ್ರ ಬಾಕಿ ಇತ್ತು. ಎಲೆ ಅಲುಗುತ್ತಿರಲಿಲ್ಲ...

ಟಿಣ್.

ಕೋದಂಡಪ್ಪ ನಿಂತ.

ಟಿಣ್... ಟಿಣ್... ಗಾಜಿನ ಚೂರು ತಗಡಿನ ಡಬ್ಬಕ್ಕೆ ಬೀಳುವ ಸದ್ದು. ಎಸೆಯುವ ಸದ್ದಲ್ಲ. ಒಂದೊಂದೇ ಆರಿಸಿ ಹಾಕುವ ಸದ್ದು.

"ಯಾರದು?"

ಸದ್ದು ನಿಂತಿತು.

"ಈ ಕಡೆ ಟಾರ್ಚ್ ಬಿಡ್ಬೇಡ..." ಹೆಂಗಸಿನ ಪಿಸುದನಿ. "ಇಲ್ಲಿ ನಾನ್ ನೋಡ್ತೀನಿ. ನೀನ್ ಆ ಕಡೆ ನೋಡು."

ಮೇಲಿನ ಬೀದಿಯ ಯಾರಿಗೋ ಕೊನೆಗೂ ಬುದ್ಧಿ ಬಂತು ಅಂದುಕೊಂಡ. ಊರಿನ ಹೆಂಗಸರೆಲ್ಲ ಅವನನ್ನು ಅಣ್ಣಾ ಅಂತಲೇ ಕರೆಯುತ್ತಿದ್ದದ್ದು. ಇವಳು ಕರೆಯಲಿಲ್ಲ. ಅದು ಅವನಿಗೆ ಹೊಳೆದದ್ದು ಆಮೇಲೆ.

ಇಬ್ಬರೂ ಆರಿಸಿದರು. ಒಣಗಿದ ಎಲೆಯ ಮೇಲೆ ಅವನ ಹೆಜ್ಜೆ ಚರಚರ ಅನ್ನುತ್ತಿತ್ತು. ಅವಳ ಹೆಜ್ಜೆಯ ಸದ್ದೇ ಇರಲಿಲ್ಲ. ಬರೀ ಟಿಣ್... ಟಿಣ್...

"ಮುಗೀತಾ?" ಎಂದ.

"ನಂದ್ ಮುಗೀತು." ಡಬ್ಬವನ್ನು ಕಲ್ಲಿನ ಮೇಲಿಟ್ಟ ಸದ್ದಾಯಿತು. "ಎಲ್ಲಾರ್ ಕಸಾನೂ ಅವರವರ ಬಾಗ್ಲಿಗೆ ಆಕ್ದೆ. ನಿನ್ ಮನೇದು?"

"ನಮ್ಮನೇದು ಇಲ್ಲೇನೈತೆ?"

"ಬಾವಿ ಇಂದ್ಗಡೆ..."

ಅಲ್ಲೇನಿದೆ ಅಂತ ಅವನಿಗೆ ಗೊತ್ತಿತ್ತು. ಅನಸೂಯಮ್ಮ ಕೊನೆಯುಸಿರೆಳೆದ ಚಾಪೆ. ಸತ್ತವರ ಚಾಪೆಯನ್ನು ಊರಾಚೆ ಬಿಸಾಡುವುದು ವಾಡಿಕೆ, ಬಿಸಾಡಿದವನು ಅವನೇ. ಎರಡು ತಿಂಗಳು ತೋಪೆಲ್ಲ ಗೋರಿದವನು ಅದನ್ನು ಮಾತ್ರ ಮುಟ್ಟದೆ ಸುತ್ತುಹಾಕಿ ಓಡಾಡಿದ್ದ. ಅದೂ ಕಸ ಅಂತ ಒಮ್ಮೆಯೂ ಅನ್ನಿಸಿರಲಿಲ್ಲ.

ಟಾರ್ಚ್ ತಿರುಗಿಸಿದ. ಯಾರೂ ಇರಲಿಲ್ಲ. ಬಾವಿಕಟ್ಟೆಯ ಮೇಲೆ ಒಂದು ಡಬ್ಬ, ಅದರ ತುಂಬ ಗಾಜು.

ಚಾಪೆ ಸುತ್ತಿ ಹೊತ್ತುಕೊಂಡು ಮನೆಗೆ ಬಂದ. ಬಾಗಿಲು ತೆಗೆದ ತಾಯಿ ಮುನಿಶಾಮಮ್ಮ ಅದನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು.

"ಲೇ, ಒಳಕ್ ತರ್ಬೇಡ ಕಣ್ಲಾ! ಮಗು ಮಲ್ಗೈತೆ..."

ಜಗಲಿಯ ಮೇಲಿಟ್ಟ. ಮುನಿಶಾಮಮ್ಮ ತಾನೇ ಒಳಗಿನಿಂದ ಅಗುಳಿ ಹಾಕಿದಳು, ಎಳೆದೂ ನೋಡಿದಳು.

ಬೆಳಿಗ್ಗೆ ಅಗುಳಿ ಹಾಕಿದ ಹಾಗೇ ಇತ್ತು. ಚಾಪೆ ಒಳಗಿತ್ತು, ಹಾಸಿತ್ತು. ಅದರ ಒಂದು ಮಗ್ಗುಲಲ್ಲಿ ವರಲಕ್ಷ್ಮಿ ಮಲಗಿದ್ದಳು. ಮುನಿಶಾಮಮ್ಮ ಮೊಮ್ಮಗಳ ಪಾದ ಮುಟ್ಟಿ, ತಟ್ಟನೆ ಕೈ ಹಿಂದಕ್ಕೆಳೆದುಕೊಂಡಳು. ಹರಳೆಣ್ಣೆ. ಮನೆಯಲ್ಲಿ ಹರಳೆಣ್ಣೆ ಮುಗಿದು ಎರಡು ತಿಂಗಳಾಗಿತ್ತು.

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆ ದಿನ ಮಗು ತೋಪಿನ ದಾರಿಯಲ್ಲೇ ಸ್ಕೂಲಿಗೆ ಬಂತು. ಎರಡನೇ ಕ್ಲಾಸಿನ ಸಿಮೆಂಟು ನೆಲದ ಮೇಲೆ, ಬಾಗಿಲಿನಿಂದ ಮುಂದಿನ ಸಾಲಿನವರೆಗೆ, ಪುಟ್ಟ ಪುಟ್ಟ ಎಣ್ಣೆ ಹೆಜ್ಜೆಗಳು. ಸಂಜೆ ಅವನ್ನು ಒರೆಸಿದವನು, ಆಗ ಆ ಸ್ಕೂಲಿನ ಜವಾನನಾಗಿದ್ದ ನಾನೇ. ಮುಕ್ಕಾಲು ಮೈಲಿ ಕೆಮ್ಮಣ್ಣಿನ ದಾರಿ ನಡೆದು ಬಂದ ಕಾಲು ಅವು. ಒರೆಸಿದ ಬಟ್ಟೆಗೆ ಒಂದು ಚಿಟಿಕೆ ಮಣ್ಣೂ ಹತ್ತಲಿಲ್ಲ.