ಅಲ್ಲಿ ಇನ್ನೂ ಮುಗಿದಿಲ್ಲ

ನಮ್ಮ ಬುದ್ಧ ವಿಹಾರದ ಪೂಜ್ಯ ಭಂತೇಜಿಯವರೇ, ರವಿಯ ಮಡದಿ ಲತಾಮಣಿ ಅಕ್ಕ, ಮಕ್ಕಳೇ, ಗಂಡಸಿಯಿಂದ ಬಸ್ಸು ಹಿಡಿದು ಬಂದಿರುವ ನೆಂಟರೇ — ಎಲ್ಲರಿಗೂ ನಮಸ್ಕಾರ. ಇನ್ನೊಬ್ಬರಿಗೆ ಈ ಕ್ಯಾಮೆರಾ ಕಡೆ ತಿರುಗಿ ಹೇಳಬೇಕು. ಸಣ್ಣತಾಯಮ್ಮನವರೇ, ನಮಸ್ಕಾರ ತಾಯಿ.

ನಮ್ಮ ರವಿಕುಮಾರನ ಅವ್ವ. ಸೊಂಟ ಮುರಿದು ಎರಡು ವರ್ಷದಿಂದ ಬೆಳಗಾವಿಯಲ್ಲಿ, ಮಗಳ ಮನೆಯಲ್ಲಿ ಮಲಗಿದ್ದಾರೆ. ಮಗನ ಮಣ್ಣಿಗೂ ಬರಲಾಗಲಿಲ್ಲ. ಈ ಸಭೆಯನ್ನು ಕಂಪ್ಯೂಟರಿನಲ್ಲಿ ನೋಡುತ್ತಿದ್ದಾರೆ.

ನಾನೂ ರವಿಯೂ ಅರಸೀಕೆರೆಯ ಸ್ಟೇಷನ್ ರಸ್ತೆಯ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಒಟ್ಟಿಗೆ ಪಾಠ ಮಾಡಿದವರು. ಹೋದ ವಾರ ಅವನು ತರಗತಿಯಲ್ಲೇ ಎದೆ ಹಿಡಿದುಕೊಂಡು ಕೂತ — ಏಳಲಿಲ್ಲ. ನನಗಿನ್ನೂ ನಂಬಿಕೆ ಬಂದಿಲ್ಲ.

ಹೋದ ವರ್ಷ, ಎರಡು ಸಾವಿರದ ಎಂಟರ ಬುದ್ಧ ಪೂರ್ಣಿಮೆ. "ಅವ್ವನಿಗೆ ಬರೋಕಾಗಲ್ಲ ಕಣೋ, ಲೈವ್ ತೋರಿಸೋಣ" ಅಂದ. ಒದ್ದಾಡಿದ್ದು ಅಷ್ಟಿಷ್ಟಲ್ಲ! ಚಿತ್ರ ಬಂದರೆ ಶಬ್ದವಿಲ್ಲ, ಶಬ್ದ ಬಂದರೆ ಚಿತ್ರವಿಲ್ಲ. ವೆಬ್ ಪೇಜಿನಲ್ಲಿ ಪ್ಲೇಯರ್ ಕೂರಿಸಿದರೆ ಆ ಚಕ್ರ ಹೀಗೆ — ಸುತ್ತಿದ್ದೇ ಸುತ್ತಿದ್ದು. ಪಕ್ಕದ ರೂಮಿನ ಕಂಪ್ಯೂಟರಿನಲ್ಲಿ ಬರ್ತಾ ಐತಾ ನೋಡು ಅಂತ ನನ್ನನ್ನು ಓಡಿಸುತ್ತಿದ್ದ. ಕೊನೆಗೂ ಬಂತು. ಆದರೆ ಇಲ್ಲಿ ನಡೆದದ್ದು ಬೆಳಗಾವಿಯಲ್ಲಿ ಅರ್ಧ ನಿಮಿಷ ತಡವಾಗಿ ಕಾಣುತ್ತಿತ್ತು.

ಅಂದು ಅದನ್ನೇ ಮರೆತೆವು. ಪ್ರಾರ್ಥನೆ ಮುಗಿಯಿತು, ಕೊನೆಗೆ ಹೇಳುವ ಪದ್ಧತಿಯಂತೆ ಎಲ್ಲರೂ ಕೈ ಮುಗಿದು ಸಾಧು ಸಾಧು ಸಾಧು ಎಂದರು, ರವಿ ಖುಷಿಯಲ್ಲಿ ಪಟ್ಟನೆ ಕ್ಯಾಮೆರಾ ಬಂದ್ ಮಾಡಿದ. ತಕ್ಷಣ ಅವ್ವನ ಫೋನು. "ಏನ್ಲಾ, ಕೈ ಮುಗ್ಕೊಂಡ್ ಕಾಯ್ತಿದ್ದೆ. ನಾನು ಸಾಧು ಅನ್ನೋಕ್ ಮುಂಚೇನೇ ಕಿತ್ಕೊಂಡ್‌ಬಿಟ್ಯಲ್ಲಾ!"

ನಾವೆಲ್ಲ ನಕ್ಕೆವು. ರವಿ ನಗಲಿಲ್ಲ.

ಆಮೇಲೆ ಯಾವ ಕಾರ್ಯಕ್ರಮವೇ ಆಗಲಿ, ನಾವು ಜಮಖಾನ ಸುತ್ತುತ್ತಿದ್ದರೂ ಅವನು ಕ್ಯಾಮೆರಾ ಕಾಯುತ್ತಾ ನಿಂತಿರುತ್ತಿದ್ದ. "ಮುಟ್ಬೇಡ. ಇಲ್ಲಿ ಮುಗೀತು, ಅಲ್ಲಿ ಇನ್ನೂ ಮುಗ್ದಿಲ್ಲ." ಖಾಲಿ ಕುರ್ಚಿಗಳನ್ನು ಯಾರಿಗೆ ತೋರಿಸ್ತೀಯೋ ಅಂತ ನಾನು ರೇಗಿಸುತ್ತಿದ್ದೆ.

ಇವತ್ತು ಮೊದಲ ಸಲ ಒಬ್ಬನೇ ಎಲ್ಲ ಜೋಡಿಸಿದೆ. ಬರ್ತಾ ಐತಾ ಅಂತ ಕೂಗಿ ಕೇಳಲು ಅವನಿಲ್ಲ.

ಈಗ ದಯವಿಟ್ಟು ಎಲ್ಲರೂ ಎದ್ದು ಮೌನವಾಗಿ ನಿಲ್ಲಿ. ನಮ್ಮ ಮೌನ ಆ ತಾಯಿಯನ್ನು ಅರ್ಧ ನಿಮಿಷ ತಡವಾಗಿ ಮುಟ್ಟುತ್ತದೆ. ಬೇಗ ಕೂರಬೇಡಿ. ಸಣ್ಣತಾಯಮ್ಮನವರೇ, ಈ ಸಲ ಯಾರೂ ಕಿತ್ತುಕೊಳ್ಳುವುದಿಲ್ಲ. ನಿಮ್ಮ ಮಗನಿಗೆ ನಿಧಾನವಾಗಿ ಸಾಧು ಹೇಳಿ, ಆಮೇಲೆ ಫೋನು ಮಾಡಿ. ಅಲ್ಲಿಯವರೆಗೆ ನಾವು ನಿಂತಿರುತ್ತೇವೆ.