ಹಲಗೆಯ ಮೇಲಿನ ಉಪ್ಪು

ಅಧ್ಯಕ್ಷರ ಕುರ್ಚಿಯಲ್ಲಿರುವ ನಮ್ಮ ರಾವಸಾಹೇಬ ಅವರೇ, ಈ ಮೇ ತಿಂಗಳ ಬಿಸಿಲಿನಲ್ಲಿ ಜೀಪಿನಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಇಷ್ಟು ದೂರ ಬಂದ ಆಕಾಶವಾಣಿಯ ಅಧಿಕಾರಿಗಳೇ, ಶೇಡಬಾಳ ರೇಡಿಯೋ ಕೇಳುಗರ ಸಂಘದ ಬಂಧುಗಳೇ, ಈ ಶಾಲೆಯ ಗುರುಗಳೇ, ತಾಯಂದಿರೇ, ಮೂರನೆಯ ಸಾಲಿನಲ್ಲಿ ಕಂಬದ ಪಕ್ಕ ಕುಳಿತಿರುವ ಕೆಂಪವ್ವನೇ, ಹಾಗೂ ಎಲ್ಲ ಸಭಿಕರೇ,

ಕೆಂಪವ್ವನ ಹೆಸರನ್ನು ಬೇರೆಯಾಗಿ ಏಕೆ ಹೇಳಿದೆ ಎಂದು ನೀವು ಕೇಳಬಹುದು. ಕಾರಣವಿದೆ, ಅದಕ್ಕೆ ಬರುತ್ತೇನೆ. ಮೊದಲು ಒಂದು ವಿನಂತಿ. ನಾನು ಆಗಾಗ ಆ ಗೋಡೆ ಗಡಿಯಾರ ನೋಡಿದರೆ ತಪ್ಪು ತಿಳಿಯಬೇಡಿ. ಈಗ ಐದು ಹೊಡೆದು ಹತ್ತು ನಿಮಿಷ. ಐದೂಮುಕ್ಕಾಲಿಗೆ ಅಥಣಿಯ ಬಸ್ಸು ಬರುತ್ತದೆ, ಅದನ್ನು ನಾನು ಹಿಡಿಯಲೇಬೇಕು. ಸನ್ಮಾನ ಮಾಡಿಸಿಕೊಂಡವನು ಊಟಕ್ಕೂ ನಿಲ್ಲದೆ ಓಡುವುದು ಒಳ್ಳೆಯ ನಡತೆಯಲ್ಲ, ಗೊತ್ತು. ಅರ್ಧ ತಾಸಿನ ಹಿಂದೆ ನನಗೆ ಎಲ್ಲಿಗೂ ಹೋಗುವುದಿರಲಿಲ್ಲ. ಅಧ್ಯಕ್ಷರು ಒಂದು ಪತ್ರ ಓದಿದರಲ್ಲ, ಅದಾದ ಮೇಲೆ ಹೋಗುವುದು ಬಂತು.

ನೋಡಿ, ನನ್ನ ಮಾತು ಕೇಳಿದ ಹೊರಗಿನವರು ಇವರು ಮಾಸ್ತರರೇ ಇರಬೇಕು ಎನ್ನುತ್ತಾರೆ. ನಾನು ಮಾಸ್ತರನಲ್ಲ. ಸೈಕಲ್ ಅಂಗಡಿಯ ಜಿನ್ನಪ್ಪ. ಆರನೆಯ ಇಯತ್ತೆಗೆ ಶಾಲೆ ಬಿಟ್ಟವನು. ಪಂಕ್ಚರ್ ತಿದ್ದುತ್ತ ತಿದ್ದುತ್ತ ರೇಡಿಯೋದ ಭಾಷಣ ಕೇಳಿ ಕಲಿತ ಕನ್ನಡ ಇದು. ಮನೆಯಲ್ಲೂ ಹೀಗೇ ಮಾತಾಡಲು ಹೋದರೆ ನನ್ನ ಹೆಂಡತಿ ಸೋನಾಬಾಯಿ ಗದರುತ್ತಾಳೆ. "ರೇಡಿಯೋ ಬಂದ ಮಾಡ್ರಿ, ಮನಿ ಮಾತ ಆಡ್ರಿ," ಎನ್ನುತ್ತಾಳೆ.

ಹನ್ನೆರಡು ವರ್ಷಗಳ ಹಿಂದೆ, ಎಂಬತ್ತೆರಡರಲ್ಲಿ, ನನ್ನ ಅಂಗಡಿಯ ಗೋಡೆಗೆ ಆ ಕರಿಹಲಗೆ ಏಕೆ ಬಂತು? ಹಾಡಿಗೆ ಹಲಗೆ ಬೇಡ, ಒಮ್ಮೆ ಕೇಳಿದರೆ ಬಾಯಲ್ಲಿ ಉಳಿಯುತ್ತದೆ. ಮಾತು ಹಾಗಲ್ಲ. ಸಂಜೆ ಕೇಳಿದ ಮಾತು ಬೆಳಗಾಗುವಷ್ಟರಲ್ಲಿ ಅರ್ಧ ಹೋಗಿರುತ್ತದೆ. ರೇಡಿಯೋದಲ್ಲಿ ಎಷ್ಟು ತರಹದ ಮಾತು! ಬೆಳಗ್ಗೆ ಎರಡು ನಿಮಿಷದ ಒಳ್ಳೆಯ ವಿಚಾರ. ಮಧ್ಯಾಹ್ನ ವನಿತೆಯರಿಗೆ ಅಡಿಗೆ, ಹೊಲಿಗೆ, ಬಾಣಂತಿಯ ಆರೈಕೆ. ಸಂಜೆ ರೈತರಿಗೆ ಕಬ್ಬು, ಅರಿಷಿಣ, ದನಕರು. ವಕೀಲರು ಬಂದು ವಾಟಣಿಯ, ಅಂದರೆ ಆಸ್ತಿ ಪಾಲಿನ, ಕಾನೂನು ಹೇಳುತ್ತಿದ್ದರು. ಒಬ್ಬ ಪ್ರಾಧ್ಯಾಪಕರು ನಕ್ಷತ್ರಗಳ ಬಗ್ಗೆ ಎಂಟು ವಾರ ಮಾತಾಡಿದರು, ಆ ಎಂಟೂ ವಾರ ನಮ್ಮೂರಿನ ಮಂದಿ ಕತ್ತು ಮೇಲೆ ಮಾಡಿಕೊಂಡೇ ನಡೆದು ಎಡವಿದರು. ನಾಲ್ಕು ಜನ ಕೂಡಿ ಚರ್ಚೆ ಮಾಡುವ ಕಾರ್ಯಕ್ರಮವೂ ಇತ್ತು. ಅದರ ಸಾರಾಂಶ ಬರೆಯುವುದು ಸುಲಭ. "ನಾಲ್ವರಿಗೂ ಒಮ್ಮತವಾಗಲಿಲ್ಲ" ಎಂದು ಬರೆದರೆ ಮುಗಿಯಿತು.

ಇದೆಲ್ಲದರ ತಿರುಳನ್ನು ದಿನಾ ಬೆಳಗ್ಗೆ ಆರು ಗಂಟೆಗೆ ಸುಣ್ಣದ ಕಡ್ಡಿಯಿಂದ ನಾಲ್ಕಾರು ಸಾಲು ಬರೆಯುತ್ತಿದ್ದೆ. ಹಾಲು ಹಾಕಲು ಹೋಗುವವರು ಓದುತ್ತಿದ್ದರು. ಕೆಲವರು ನೋಟುಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದರು. ನಮ್ಮದು ಎರಡು ಮಾತಿನ ಊರು ತಾನೇ? ಹಲಗೆಯ ನಡುವೆ ಒಂದು ಗೆರೆ ಎಳೆದೆ. ಎಡಕ್ಕೆ ಧಾರವಾಡದ ಕನ್ನಡದ್ದು, ಬಲಕ್ಕೆ ಸಾಂಗ್ಲಿಯ ಮರಾಠಿಯದ್ದು. ಬಲಕ್ಕೆ ಬರೆಯುವುದೂ ಕನ್ನಡದಲ್ಲೇ, ವಿಷಯ ಮಾತ್ರ ಆ ಕಡೆಯದು. ಅಂಗಡಿಗೆ ಬಂದವರಲ್ಲಿ ಒಬ್ಬರು "ಧಾರವಾಡ ಹಚ್ಚೋ" ಎಂದರೆ, ಇನ್ನೊಬ್ಬರು "ಜಿನ್ನಪ್ಪಾ, ಸಾಂಗ್ಲೀ ಲಾವ ಕೀ" ಎನ್ನುವರು. ನನ್ನದು ಒಂದೇ ರೇಡಿಯೋ, ಒಂದೇ ಮುಳ್ಳು. ಎರಡೂ ನಿಲಯಗಳಲ್ಲಿ ರೈತರ ಕಾರ್ಯಕ್ರಮ ಒಂದೇ ಹೊತ್ತಿಗೆ ಬಂದಾಗ ನಾನೇನು ಮಾಡುತ್ತಿದ್ದೆ ಗೊತ್ತೇ? ಎರಡು ನಿಮಿಷ ಅಲ್ಲಿ, ಎರಡು ನಿಮಿಷ ಇಲ್ಲಿ. ಮುಳ್ಳು ತಿರುಗಿಸುತ್ತ ಎರಡನ್ನೂ ಕೇಳುತ್ತಿದ್ದೆ. ಮಂದಿ ಬೆರಗಾಗಿ ನೋಡುವರು. ನನಗೂ ಹೆಮ್ಮೆ. ಆ ಹೆಮ್ಮೆಯ ಲೆಕ್ಕ ಇವತ್ತು ಕೊಡಬೇಕಾಗಿದೆ. ಸ್ವಲ್ಪ ನೀರು ಕೊಡುತ್ತೀರಾ?

ಐದೂ ಇಪ್ಪತ್ತು.

ಸಭಿಕರೇ, ಸ್ವಲ್ಪ ಮುಂಚೆ ಓದಿದ ಮಾನಪತ್ರದಲ್ಲಿ ಏನು ಬರೆದಿದ್ದೀರಿ? "ಹನ್ನೆರಡು ವರ್ಷಗಳ ಕಾಲ ಒಂದಕ್ಷರವೂ ತಪ್ಪಿಲ್ಲದೆ" ಎಂದು. ಚೌಕಟ್ಟು ಹಾಕಿಸಿದ್ದೀರಿ. ನೀವು ಚಪ್ಪಾಳೆ ತಟ್ಟಿದಾಗ ನಾನು ಕೆಂಪವ್ವನ ಕೈ ನೋಡಿದೆ. ಅವಳ ಕೈ ಮಡಿಲಲ್ಲೇ ಇತ್ತು.

ಎಂಬತ್ತೆಂಟರ ಬೇಸಿಗೆ. ಊರಲ್ಲಿ ಮಕ್ಕಳಿಗೆ ವಾಂತಿಭೇದಿ ಸುರುವಾಗಿತ್ತು. ಆ ಸಂಜೆ ಸಾಂಗ್ಲಿಯಲ್ಲಿ ಒಬ್ಬ ಡಾಕ್ಟರರು ಅದರ ಬಗ್ಗೆಯೇ ಹೇಳುತ್ತಿದ್ದರು. ಮಗುವಿಗೆ ಮನೆಯಲ್ಲೇ ಸಕ್ಕರೆ ಉಪ್ಪಿನ ನೀರು ಮಾಡಿ ಕುಡಿಸುವುದು ಹೇಗೆ, ಎಂದು. ಅದೇ ಹೊತ್ತಿಗೆ ಧಾರವಾಡದಲ್ಲಿ ದನದ ಡಾಕ್ಟರರು ಭೇದಿ ಹತ್ತಿದ ಎತ್ತಿಗೆ ಏನು ಕುಡಿಸಬೇಕು ಎಂದು ಹೇಳುತ್ತಿದ್ದರು. ಇಬ್ಬರೂ ತಿಳಿದವರು, ಇಬ್ಬರೂ ಸರಿಯಾಗಿಯೇ ಹೇಳಿದರು. ನಾನು ಮುಳ್ಳು ತಿರುಗಿಸಿದೆ. ಒಂದು ಲೀಟರ್ ನೀರು ಎಂದು ಸಾಂಗ್ಲಿಯಲ್ಲಿ ಕೇಳಿದೆ. ಒಂದು ಹಿಡಿ ಉಪ್ಪು ಎಂದು ಧಾರವಾಡದಲ್ಲಿ ಕೇಳಿದೆ, ಅದು ಎತ್ತಿನ ಬಕೀಟಿಗೆ. ಕೈಯೆಲ್ಲ ಗ್ರೀಸು, ಚೀಟಿಯ ಮೇಲೆ ಎರಡನ್ನೂ ಒತ್ತೊತ್ತಾಗಿ ಗೀಚಿದೆ. ಬೆಳಗ್ಗೆ ಹಲಗೆಯ ಬಲಗಡೆ ದುಂಡಗೆ ಬರೆದೆ. "ಮಕ್ಕಳ ವಾಂತಿಭೇದಿಗೆ: ಕಾಸಿ ಆರಿಸಿದ ನೀರು ಒಂದು ಲೀಟರ್, ಉಪ್ಪು ಒಂದು ಹಿಡಿ, ಸ್ವಲ್ಪ ಬೆಲ್ಲ."

ಹೌದು. ಒಂದು ಹಿಡಿ. ಕೂಸಿಗೆ.

ಎಂಟು ಗಂಟೆಗೆ ಕೆಂಪವ್ವ ಬಂದಳು. ಕುರಿ ಬಿಡುವ ಹೊತ್ತು, ಆದರೆ ಕುರಿ ಇರಲಿಲ್ಲ, ಕೈಯಲ್ಲಿ ಒಂದು ತಂಬಿಗೆ ಇತ್ತು. ಅವಳ ಮೊಮ್ಮಗ ಹಾಲಸಿದ್ದನಿಗೆ ಹಿಂದಿನ ದಿನದಿಂದ ಭೇದಿ. ಅವಳಿಗೆ ಓದು ಬರುವುದಿಲ್ಲ, ಹಲಗೆಯನ್ನು ಯಾರಿಂದಲೋ ಓದಿಸಿಕೊಂಡು ಹೋಗಿದ್ದಳಂತೆ.

"ಜಿನ್ನಪ್ಪಣ್ಣಾ, ಇದನ್ನ ಕುಡಿ," ಎಂದಳು.

"ಏನಬೇ ಇದು?"

"ನೀ ಬರದದ್ದ ಇದು. ಕುಡಿ."

ಒಂದು ಗುಟುಕು ಬಾಯಿಗೆ ಹಾಕಿಕೊಂಡೆ. ಗಟಾರಿಗೆ ಹೋಗಿ ಉಗುಳಿದೆ. ಹೊಟ್ಟೆಯಲ್ಲಿದ್ದ ಚಹಾ ಕೂಡ ಬಂತು.

"ನಿನ್ನ ನಾಲಿಗಿ ನಲವತ್ತ ವರ್ಷದ್ದು," ಎಂದಳು. "ನಮ್ಮ ಹಾಲಸಿದ್ದಂದು ಎಂಟ ತಿಂಗಳದ್ದು. ಕೂಸಿಗೆ ಕೊಡೂದನ್ನ ನಾ ಮೊದಲ ನೆಕ್ಕಿ ನೋಡತೀನಿ. ಅದಕ್ಕ ಉಳದಾನ." ಆಮೇಲೆ ಸೆರಗಿನಿಂದ ಹಲಗೆ ಒರೆಸಿದಳು. ಒರೆಸುವಾಗ ನಾನು ಕೈ ಮುಗಿದು ಕೇಳಿದೆ, "ಯಾರ ಮುಂದೂ ಹೇಳಬ್ಯಾಡ ಯವ್ವಾ."

"ನಾ ಯಾಕ ಹೇಳಲಿ? ತಪ್ಪ ನಿಂದು. ಹೇಳಾಂವ ನೀ."

ನಾನು ಹೇಳಲಿಲ್ಲ. ಸಾಂಗ್ಲಿಯ ಬಸ್ಸು ಹತ್ತಿ ಹೋಗಿ ಒಬ್ಬ ಡಾಕ್ಟರರನ್ನು ಕೇಳಿ ಬಂದೆ. ಮರುದಿನ ಸರಿಯಾದ ಅಳತೆಯನ್ನೇ ಬರೆದೆ. ಆದರೆ ನಿನ್ನೆಯದು ತಪ್ಪು ಎಂದು ಬರೆಯಲಿಲ್ಲ. ಆ ಒಂದು ಸಾಲು ಬರೆಯಲು ಎಷ್ಟು ಸುಣ್ಣ ಬೇಕಾಗಿತ್ತು? ಅದೇ ವಾರ ರಾವಸಾಹೇಬರು ಅಂಗಡಿಗೆ ಬಂದು, "ಜಿನ್ನಪ್ಪ ಬರದದ್ದು ಅಂದ್ರ ಕೋರ್ಟಿನ ಕಾಗದ ಇದ್ದಾಂಗ" ಎಂದಿದ್ದರು. ಅವರಿಗೆ ನೆನಪಿರಲಿಕ್ಕಿಲ್ಲ. ನನಗಿದೆ. ಆ ಮಾತು ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಹಲಗೆ ಎರಡು ತಾಸು ಹಾಗೇ ಇತ್ತಲ್ಲ? ಆರರಿಂದ ಎಂಟರವರೆಗೆ ಯಾರು ಯಾರು ಬರೆದುಕೊಂಡರು? ನಿದ್ದೆ ಹೋಯಿತು. ಅಂದವಾದ ಅಕ್ಷರಕ್ಕೆ ಬಹುಮಾನ ಎಂದು ಸಾರಿದೆನಲ್ಲ, ನೆನಪಿದೆಯೇ? ಎಲ್ಲರೂ ನೋಟುಬುಕ್ಕು ತಂದು ಕೊಡಿ, ಒಳ್ಳೆಯ ಪೆನ್ನು ಕೊಡುತ್ತೇನೆ ಎಂದು? ಸಭಿಕರೇ, ನನಗೆ ನಿಮ್ಮ ಅಕ್ಷರದ ಅಂದ ಬೇಕಾಗಿರಲಿಲ್ಲ. ಹದಿನಾಲ್ಕು ನೋಟುಬುಕ್ಕು ಬಂದವು, ಐದರಲ್ಲಿ ಆ ಸಾಲಿತ್ತು. ಕಳ್ಳನ ಹಾಗೆ ಕುಳಿತು ನಿಮ್ಮದೇ ಅಕ್ಷರದಂತೆ ತಿದ್ದಿದೆ. ಪೆನ್ನು ಗೆದ್ದವರು ಇಲ್ಲೇ ಮುಂದೆ ಕುಳಿತಿದ್ದೀರಿ, ಕ್ಷಮಿಸಿ.

ಬಾರದೆ ಉಳಿದ ನೋಟುಬುಕ್ಕು ಒಂದೇ. ಕಾಶಿಬಾಯಿಯ ಮಗಳು ಮಂಗಲಳದ್ದು. ದಿನಾ ಆರೂವರೆಗೆ ಹಲಗೆಯ ಮುಂದೆ ನಿಂತು ಬರೆದುಕೊಳ್ಳುವ ಹುಡುಗಿ. ಅದೇ ತಿಂಗಳು ಅವಳ ಲಗ್ನವಾಗಿ ತೆಲಸಂಗಕ್ಕೆ ಹೋಗಿಬಿಟ್ಟಳು. ಕಾಶಿಬಾಯಿಯನ್ನು ಕೇಳಿದೆ. "ಲಗ್ನದ ಗದ್ದಲದಾಗ ಎಲ್ಲಾ ರದ್ದಿಗೆ ಹಾಕೇನಣ್ಣಾ," ಎಂದಳು. ಅವಳ ಅಂಗಳದಿಂದ ಹೊರಗೆ ಬರುವಾಗ ನಾನು ಎಷ್ಟು ಹಗುರಾಗಿದ್ದೆ ಎಂದರೆ ಚಪ್ಪಲಿ ಅಲ್ಲೇ ಬಿಟ್ಟು ಬಂದೆ. ಆರು ವರ್ಷ ಆ ರದ್ದಿಯ ಮೇಲೆ ಭಾರ ಹಾಕಿ ಮಲಗಿದೆ. ಕೆಂಪವ್ವ ಮಾತ್ರ ದಿನಾ ಕುರಿ ಹೊಡೆದುಕೊಂಡು ಹೋಗುವಾಗ ಹಲಗೆಯ ಮುಂದೆ ಒಂದು ಗಳಿಗೆ ನಿಲ್ಲುತ್ತಾಳೆ. ಓದಲು ಬಾರದವಳು ಅಲ್ಲಿ ಏನು ನೋಡುತ್ತಾಳೆ ಎಂದು ನೀವು ಚೇಷ್ಟೆ ಮಾಡಿದ್ದೀರಿ. ನಾನು ನಗಲಿಲ್ಲ.

ಐದೂವರೆ ಆಯಿತು. ಬೇಗ ಹೇಳುತ್ತೇನೆ.

ಇವತ್ತು ರಾವಸಾಹೇಬರು ಓದಿದ ಪತ್ರ ಆ ಮಂಗಲಳದ್ದೇ. ನೀವೆಲ್ಲ ಕೇಳಿದಿರಿ. ನಾನೂ ಕೇಳಿದೆ. "ಜಿನ್ನಪ್ಪಕಾಕಾ, ತವರಿನ ಟ್ರಂಕು ಮೊನ್ನೆ ತರಿಸಿಕೊಂಡೆ. ತಳದಲ್ಲಿ ನಿಮ್ಮ ಹಲಗೆಯ ನೋಟುಬುಕ್ಕು ಸಿಕ್ಕಿತು. ಇದೇ ಹದಿನೈದು, ರವಿವಾರ ಬೆಳಗ್ಗೆ ನಮ್ಮ ತೋಟದ ಮನೆಗಳ ಹೆಂಗಸರೆಲ್ಲ ಸೇರಿ ಮಹಿಳಾ ಮಂಡಳ ಸುರು ಮಾಡುತ್ತೇವೆ. ಮೊದಲ ದಿನ ಅದನ್ನೇ ಓದಿ ಬರೆಸುತ್ತೇನೆ. ಬೇಸಿಗೆಯಲ್ಲವೇ, ಮಕ್ಕಳ ವಾಂತಿಭೇದಿಯ ಪುಟವೇ ಮೊದಲು." ನೀವು ಚಪ್ಪಾಳೆ ಹೊಡೆದಿರಿ. ಇವತ್ತು ಹದಿನಾಲ್ಕು, ಶನಿವಾರ. ಅಂಚೆ ಕಚೇರಿ ಮುಚ್ಚಿದೆ. ಅವಳ ತೋಟಕ್ಕೆ ಫೋನಿಲ್ಲ. ಅಧಿಕಾರಿಗಳೇ, ನಿಮ್ಮ ಟೇಪು ತಿರುಗುತ್ತಿದೆ, ಇದು ಪ್ರಸಾರವಾಗುವುದು ಬರುವ ವಾರ ಎಂದಿರಿ. ಬರುವ ವಾರದವರೆಗೆ ಕಾಯಲು ಆ ಕೂಸುಗಳಿಗೆ ಆಗುತ್ತದೆಯೇ? ಅಲ್ಲಿ ಎಷ್ಟು ಜನ ಹೆಂಗಸರು ಬರೆದುಕೊಳ್ಳುತ್ತಾರೋ, ಯಾರ ಮನೆಯಲ್ಲಿ ಇಂದೇ ಕೂಸಿಗೆ ಹೊಟ್ಟೆ ಕೆಟ್ಟಿದೆಯೋ, ಅವರಲ್ಲಿ ನೆಕ್ಕಿ ನೋಡುವ ಅಜ್ಜಿ ಒಬ್ಬಳಾದರೂ ಇದ್ದಾಳೋ ಇಲ್ಲವೋ, ನನಗೆ ಗೊತ್ತಿಲ್ಲ. ಐದೂಮುಕ್ಕಾಲಿನ ಬಸ್ಸು ಹಿಡಿದರೆ ಅಥಣಿಯಲ್ಲಿ ರಾತ್ರಿ ತೆಲಸಂಗದಲ್ಲೇ ನಿಲ್ಲುವ ವಸ್ತಿ ಬಸ್ಸು ಸಿಗುತ್ತದೆ. ತಪ್ಪಿದರೆ ಸಿಗುವುದಿಲ್ಲ.

ಆದರೂ ನಿಮ್ಮ ಮುಂದೆ ಹೇಳದೆ ಹೋಗಬಾರದು ಎನ್ನಿಸಿತು. ಹಾಗೇ ಹೋಗಿ, ಆ ಪುಟವನ್ನೂ ಕದ್ದು ತಿದ್ದಿ, ನಾಳೆ ಬಂದು ಊಟ ಮಾಡಬಹುದಿತ್ತು. ನಿಜ ಹೇಳುತ್ತೇನೆ, ಶಾಲು ಹೊದಿಸುವಾಗ ಅದನ್ನೇ ಯೋಚಿಸಿದ್ದೆ. ಆದರೆ ಐದು ಮನೆಯಲ್ಲಿ ನಾನು ತಿದ್ದುವ ಮುಂಚೆ ಯಾರಾದರೂ ಅದನ್ನು ಬೀಗರ ಮನೆಗೆ ಹೇಳಿ ಕಳಿಸಿದ್ದರೆ? ದಿಗ್ಗೇವಾಡಿಗೆ, ರಾಯಬಾಗಕ್ಕೆ, ನಿಪ್ಪಾಣಿಗೆ? ಎಷ್ಟು ಊರಿಗೆ ನಾನೊಬ್ಬನೇ ಬಸ್ಸು ಹತ್ತಲಿ? ಅಧಿಕಾರಿಗಳೇ, ಕೈ ಮುಗಿಯುತ್ತೇನೆ, ಟೇಪಿನಲ್ಲಿ ಬೇರೇನನ್ನಾದರೂ ಕತ್ತರಿಸಿ, ಇದನ್ನು ಕತ್ತರಿಸಬೇಡಿ. ನಿಮ್ಮ ಎಲ್ಲ ತರಹದ ಮಾತಿನ ಜೊತೆಗೆ ತಪ್ಪು ಒಪ್ಪಿಕೊಳ್ಳುವ ಮಾತೂ ಒಂದು ಇರಲಿ.

ಈಗ ಎಲ್ಲರೂ ನನ್ನ ಜೊತೆ ಹೇಳಬೇಕು. ಸೋನಾಬಾಯಿ, ರೇಡಿಯೋ ಬಂದ ಮಾಡೇನಿ, ಮನಿ ಮಾತಿನ್ಯಾಗ ಹೇಳತೀನಿ. ಕಾಸಿ ಆರಿಸಿದ ನೀರ ಒಂದ ಲೀಟರ್. ಹೇಳ್ರಿ. ಸಕ್ಕರಿ ಆರ ಚಮಚೆ. ಚಹಾದ ಸಣ್ಣ ಚಮಚೆ, ಗೋಪುರ ಮಾಡಬ್ಯಾಡ್ರಿ, ಬೆರಳಿಂದ ಸಪಾಟ ಮಾಡ್ರಿ. ಹೇಳ್ರಿ. ಉಪ್ಪು ಅರ್ಧ ಚಮಚೆ. ಅರ್ಧ! ಇನ್ನೊಮ್ಮೆ. ಹಿಂದಿನ ಸಾಲಿನವ್ರು ಹೇಳಲಿಲ್ಲ, ನನಗ ಕೇಳಸಲಿಲ್ಲ. ಉಪ್ಪು ಅರ್ಧ ಚಮಚೆ. ಹಾಂ. ಕೊಡೂಕಿಂತ ಮೊದಲ ನೆಕ್ಕಿ ನೋಡ್ರಿ, ಕಣ್ಣೀರಿಗಿಂತ ಉಪ್ಪ ಹೆಚ್ಚಾಗಿದ್ರ ಚೆಲ್ಲರಿ. ದವಾಖಾನಿಗೆ ಹೋಗೂದ ಬಿಡಬ್ಯಾಡ್ರಿ.

ರಾವಸಾಹೇಬರೇ, ಈ ಮಾನಪತ್ರ ನಿಮ್ಮ ಹತ್ತಿರವೇ ಇರಲಿ. ಆ ಒಂದು ಸಾಲು ತೆಗೆಸಿ, ಉಳಿದದ್ದಕ್ಕೆ ನಾನು ಯೋಗ್ಯ ಅನ್ನಿಸಿದರೆ ಆಮೇಲೆ ಕೊಡಿ. ಇಲ್ಲವಾದರೆ ಚೌಕಟ್ಟು ಶಾಲೆಗೆ ಉಪಯೋಗವಾದೀತು. ನಾಳೆ ಹಲಗೆ ಖಾಲಿ ಇರುತ್ತದೆ, ನಾಡಿದ್ದು ಅದರ ಮೇಲೆ ಮೊದಲು ಬರೆಯುವುದು ಆರು ವರ್ಷದ ಹಿಂದೆ ಬಿಟ್ಟ ಸಾಲು.

ಬಸ್ಸಿನ ಹಾರ್ನು ಕೇಳಿಸಿತು, ಸ್ಟ್ಯಾಂಡಿಗೆ ಬರುತ್ತಿದೆ. ಇಷ್ಟು ಹೊತ್ತು ಎದ್ದು ಹೋಗದೆ ಕೇಳಿದ್ದಕ್ಕೆ ನಿಮಗೆಲ್ಲ ಕೃತಜ್ಞ. ಕರೆದ ಸಂಘಕ್ಕೆ, ಬಂದ ಅತಿಥಿಗಳಿಗೆ, ಆರು ವರ್ಷ ಬಾಯಿ ಮುಚ್ಚಿಕೊಂಡು ನನ್ನ ಬಾಯಿ ತೆರೆಯುವುದನ್ನು ಕಾದವಳಿಗೆ ಕೃತಜ್ಞ. ಕೆಂಪವ್ವಾ, ನೀ ಯಾಕ ಎದ್ದೀ? ಮನಿಗಲ್ಲ? ಬಸ್ಸಿಗೇನ?

ಬಾ ಯವ್ವಾ, ಬಾ. ಬರಿಯಾಕ ನಾ ಅದೀನಿ. ನೆಕ್ಕಿ ನೋಡಾಕ ನೀ ಬೇಕು.

ಎಲ್ಲರಿಗೂ ನಮಸ್ಕಾರ.