ಪುತಳಾಬಾಯಿಯವರ ಸಿಂದಿ ಗುಡಿಸಲಿನ ನಡುತೊಲೆ ಕುರಿತ ಹೇಳಿಕೆ

ಜಯತೀರ್ಥ ತಂದೆ ಗುರುರಾಜ, ವಯಸ್ಸು 23 ವರ್ಷ, ಬಿ.ಎ. (ಕನ್ನಡ ಸಾಹಿತ್ಯ), ಉದ್ಯೋಗ ಮಹಾಗಾಂವದ ಖಾಸಗಿ ಶಾಲೆಯೊಂದರಲ್ಲಿ ತಾತ್ಕಾಲಿಕ ಶಿಕ್ಷಕ, ಸಾಕಿನ್ ಸೂಪರ್ ಮಾರ್ಕೆಟ್ ಹಿಂಭಾಗ, ಗುಲಬರ್ಗಾ.

ಕಮಲಾಪುರ ಠಾಣೆಗೆ ಕರೆಸಿ ವಿಚಾರಿಸಿದ್ದಕ್ಕೆ ಈ ಮೂಲಕ ತಿಳಿಸುವುದೇನೆಂದರೆ, ನಾನು ದಿನಾಲು ಬಸ್ಸಿನಲ್ಲಿ ಮಹಾಗಾಂವಕ್ಕೆ ಹೋಗಿ ಬರುತ್ತೇನೆ. ಊರಿಗೆ ಅರ್ಧ ಕಿ.ಮೀ. ಇರುವಾಗ ರಸ್ತೆಯ ಎಡಕ್ಕೆ ಪುತಳಾಬಾಯಿ ಎಂಬ ಸುಮಾರು ಅರವತ್ತೈದು ವರ್ಷದ ಹೆಂಗಸಿನ ಸಿಂದಿ (ಈಚಲು ಹೆಂಡ) ಅಂಗಡಿ ಇದೆ. ಅದು ಹುಲ್ಲಿನ ಗುಡಿಸಲು. ಮಣ್ಣಿನ ಗೋಡೆ ನನ್ನ ಎದೆಮಟ್ಟ ಮಾತ್ರ. ಮೇಲಿನ ಹುಲ್ಲು ಬಣವೆಯಷ್ಟು ದಪ್ಪ. ನಾನು ಸಿಂದಿ ಕುಡಿಯುವವನಲ್ಲ. ಅಷ್ಟು ಭಾರ ಇಷ್ಟು ಗಿಡ್ಡ ಗೋಡೆಯ ಮೇಲೆ ಹೇಗೆ ನಿಂತಿದೆ ಎಂದು ನೋಡುವ ಆಸೆ ಇತ್ತು. ಸಂಕೋಚದಿಂದ ಬಹಳ ದಿನ ಇಳಿಯಲಿಲ್ಲ.

ದಿನಾಂಕ 3-3-1991 ರವಿವಾರ ಬೆಳಿಗ್ಗೆ 11 ಗಂಟೆಗೆ ಅಲ್ಲಿ ಇಳಿದೆನು. ಬಾಗಿಲು ಗಿಡ್ಡ ಇದ್ದುದರಿಂದ ಬಗ್ಗಿ ಒಳಗೆ ಹೋದೆನು. ಬಿಸಿಲಿನಿಂದ ಬಂದ ಕಣ್ಣಿಗೆ ಏನೂ ಕಾಣಲಿಲ್ಲ. ಬಾಗಿಲು ದಾಟಿದೆನೆಂದು ನೆಟ್ಟಗಾಗಿ ನಾಲ್ಕು ಅಡಿ ನಡೆದಾಗ ಹಣೆಗೆ ತೊಲೆ ಬಡಿಯಿತು. ಪುತಳಾಬಾಯಿಯವರು ನಗುತ್ತ ಬಂದು ಸಿಂದಿಯ ತಣ್ಣನೆಯ ಮಣ್ಣಿನ ಮಗಿಯನ್ನು ಹಣೆಗೆ ಒತ್ತಿ ಹಿಡಿದರು. "ಮೊದಲ ಸಲ ಬಂದವರೆಲ್ಲ ಇದಕ್ಕ ಹಣಿ ಕೊಟ್ಟೇ ಒಳಗ ಬರೋದ್ರೀ ಮಾಸ್ತರ್. ನನ್ನ ಅಂಗಡ್ಯಾಗ ಕುಡಿಯೋಕಿಂತ ಮೊದಲೇ ತಲಿ ತಿರಗತದ," ಅಂದರು.

ನಾನು ಕೇಳಿದ್ದಕ್ಕೆ ಅವರು ತಿಳಿಸಿದ್ದು: ಗುಡಿಸಲನ್ನು ನಿಜಾಮರ ಕಾಲದಲ್ಲಿ ಅವರ ಮಾವ ಕಟ್ಟಿದ್ದು. ಜಾಗ ದೌಲಪ್ಪ ಎಂಬವರದು; ಅವರು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟಿದ್ದು. ಎರಡು ವರ್ಷಕ್ಕೊಮ್ಮೆ ಮಳೆಗಾಲದ ಮುಂಚೆ ಹೊಸ ಹುಲ್ಲು ಹೊದಿಸುತ್ತಾರೆ, ಆದರೆ ಹಳೆಯದನ್ನು ತೆಗೆಯುವುದಿಲ್ಲ. ಮಾವನ ಕೈಯ ಹುಲ್ಲು ಎಲ್ಲಕ್ಕಿಂತ ಕೆಳಗೆ ಈಗಲೂ ಇದೆ. ಪದರು ಏರಿದಂತೆ ಭಾರಕ್ಕೆ ನಡುತೊಲೆ ಬಾಗುತ್ತ ಹಣೆಯ ಮಟ್ಟಕ್ಕೆ ಇಳಿದಿದೆ. ನಾನು ತೊಲೆಯ ಕೆಳಗಿನ ಅಂಚನ್ನು ಮುಟ್ಟಿ ನೋಡಿದೆನು. ಜನರ ತಲೆ ತಾಗಿ ತಾಗಿ ಅದು ಎಣ್ಣೆ ಹಚ್ಚಿದಂತೆ ನುಣುಪಾಗಿತ್ತು.

ದೌಲಪ್ಪನವರು ಈಗಿಲ್ಲ. ಅವರ ಮಗ ನೀಲಕಂಠ ಅಲ್ಲಿ ಧಾಬಾ ಹಾಕಬೇಕೆಂದಿದ್ದಾರೆಂದೂ, ಈ ಗುಡಿಸಲು ಮೂರು ವರ್ಷದ ಹಿಂದೆ ತನಗೆ ತಿಳಿಯದೆ ಎದ್ದದ್ದು, ತಾನು ಅದರೊಳಗೆ ಒಮ್ಮೆಯೂ ಕಾಲಿಟ್ಟಿಲ್ಲ ಎಂದು ಅರ್ಜಿ ಕೊಟ್ಟಿದ್ದಾರೆಂದೂ ಪುತಳಾಬಾಯಿಯವರು ಹೇಳಿದರು. ಹೊರಗಿನ ಹುಲ್ಲು ಹೊಸದಿರುವುದರಿಂದ ನೋಡಿದವರು ನಂಬುತ್ತಾರೆ, ನಂಬಿದರೆ ತನಗೆ ಅಂಗಡಿಯೂ ಇಲ್ಲ, ಮಲಗಲು ಬೇರೆ ಜಾಗವೂ ಇಲ್ಲ ಅಂದರು.

ದಿನಾಂಕ 10-3-1991 ರಂದು ಛಾವಣಿಯ ಚಿತ್ರ ಬರೆದುಕೊಳ್ಳಲು ಮತ್ತೆ ಹೋಗಿದ್ದೆನು. 11-30ರ ಸುಮಾರಿಗೆ ನಾನು ಒಳಗೆ ಕಂಬದ ಹತ್ತಿರ ಕುಳಿತಿದ್ದಾಗ ಮೇಲೆ ಹುಲ್ಲು ಎಳೆಯುವ ಸಪ್ಪಳ ಕೇಳಿತು. ಪೂರ್ವದ ಕಡೆ ಎರಡು ಮಾರಿನಷ್ಟು ಹುಲ್ಲು ಕೆಳಗೆ ಬಿತ್ತು. ಆ ಸಂದಿನಲ್ಲಿ ಪದರುಗಳು ಕಂಡವು. ಮೇಲಿನದು ಹಳದಿ, ನಡುವಿನವು ಕಂದು, ತಳದ್ದು ಹೊಗೆಗೆ ಕಪ್ಪಾಗಿ ಗಟ್ಟಿ ಹಿಡಿದಿತ್ತು. ಪುತಳಾಬಾಯಿಯವರು ಹೊರಗೆ ಹೋಗಲಿಲ್ಲ. ಮಗಿಗಳನ್ನು ಒಂದೊಂದಾಗಿ ಗೋಡೆಯ ಬದಿಗೆ ಸರಿಸಿಡುತ್ತಿದ್ದರು.

ಆಗ ನೀಲಕಂಠ ಅವರು ಸಾಮಾನು ಹೊರಗೆ ಹಾಕಿ ಎನ್ನುತ್ತ ಒಳಗೆ ಬಂದರು. ಅವರು ಬಾಗಿಲಿಗೆ ಬಗ್ಗಿದರು, ನೆಟ್ಟಗಾದರು, ನಾಲ್ಕು ಅಡಿ ನಡೆದು ಪುನಃ ಬಗ್ಗಿ ತೊಲೆ ದಾಟಿದರು. ಮಾತು ನಿಲ್ಲಿಸಲಿಲ್ಲ, ಮೇಲೆ ನೋಡಲಿಲ್ಲ. ಅವರ ಹಿಂದೆ ಬಂದ ಕೂಲಿಯವರು, ಕೋಟನೂರಿನ ಬಂದೇನವಾಜ್ ಎಂಬವರು, ತೊಲೆಗೆ ತಲೆ ಬಡಿದುಕೊಂಡು ಅಲ್ಲೇ ಕುಳಿತರು.

ಪುತಳಾಬಾಯಿಯವರು ಬಂದೇನವಾಜ್ ಅವರಿಗೂ ಮಗಿ ಕೊಟ್ಟು ಹಣೆಗೆ ಒತ್ತಿಕೊಳ್ಳಲು ಹೇಳಿದರು. ಆಮೇಲೆ, "ಇಂವ ಹೊಸಬ, ಬಡಕೊಂಡ. ನೀ ಯಾಕ ಬಗ್ಗಿದಿಯಪ್ಪ ನೀಲಕಂಠ?" ಅಂದರು.

ನೀಲಕಂಠ ಅವರ ಕೈ ಹಣೆಗೆ ಹೋಯಿತು. ವಿಭೂತಿಯ ಮೇಲೆ, ಕೂದಲಿನ ಅಂಚಿಗೆ ಒಂದು ಹಳೆಯ ಗಾಯದ ಕಲೆ ಇತ್ತು. ನನಗೆ ಪೆಟ್ಟಾದದ್ದೂ ಅದೇ ಜಾಗದಲ್ಲಿ. ಅವರು "ನಡಿಯೋ ಬಂದೇನವಾಜ," ಎಂದು ಕರೆದುಕೊಂಡು ಹೋದರು. ಹೋಗುವಾಗಲೂ ಬಗ್ಗಿದರು. ಮುಂದೆ ಹುಲ್ಲು ಕೀಳಲಿಲ್ಲ.

ನಾನು ಯಾರ ಪರವಾಗಿಯೂ ಮಾತನಾಡಲಿಲ್ಲ. ಪುತಳಾಬಾಯಿಯವರು ಸಾಕ್ಷಿ ಹೇಳುತ್ತೀರಾ ಎಂದು ಕೇಳಿದಾಗ ಹೂಂ ಎಂದು ತಲೆಯಾಡಿಸಿದೆನು. ಸಮನ್ಸ್ ಇದ್ದರೆ ಶಾಲೆಯ ವಿಳಾಸಕ್ಕೆ ಕಳುಹಿಸಬೇಕೆಂದು ವಿನಂತಿ. ನಾನು ಸಿಂದಿ ಅಂಗಡಿಗೆ ಹೋಗಿದ್ದು ನಮ್ಮ ತಾಯಿ ಅನಸೂಯಾಬಾಯಿಯವರಿಗೆ ತಿಳಿದಿಲ್ಲ.

ಆ ದಿನ ನಾನು ಹೊರಡುವಾಗ ಹರಿದ ಛಾವಣಿಯಿಂದ ತೊಲೆಯ ಮೇಲೆ ಬೆಳಕು ಬಿದ್ದು ಅದು ಚೆನ್ನಾಗಿ ಕಾಣುತ್ತಿತ್ತು. ಆದರೆ ನಾನು ಅದನ್ನು ನೋಡುವ ಮೊದಲೇ ಬಗ್ಗಿದ್ದೆನು. ನನಗೆ ಪೆಟ್ಟು ಬಿದ್ದು ಏಳು ದಿನವಾಗಿತ್ತು. ನೀಲಕಂಠ ಅವರಿಗೆ ಬಿದ್ದು ಎಷ್ಟು ವರ್ಷವಾಯಿತೋ ಅವರೇ ಹೇಳಬೇಕು.

ಮೇಲೆ ಬರೆಸಿದ್ದರಲ್ಲಿ ಕಂಡದ್ದು ನಾನು ಕಂಡದ್ದು, ಕೇಳಿದ್ದು ನಾನು ಕೇಳಿದ್ದು; ಓದಿಸಿ ಕೇಳಿ ಸರಿ ಇದೆ ಎಂದು ಒಪ್ಪಿದ್ದೇನೆ.

ಸ್ಥಳ: ಕಮಲಾಪುರ
ದಿನಾಂಕ: 12-3-1991
(ಸಹಿ) ಜಯತೀರ್ಥ